ಅಜ್ಜಿಯ ಶಾಲಾ ದಿನಗಳ ಬಗ್ಗೆ ಐದು ವಾಕ್ಯ ಬರೆಯಿರಿ

ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ.

ಮೊನ್ನೆ ಸುಣ್ಣ ಬಳಿಯೋಕೆ ಅಂತ ಮನೆ ಸಾಮಾನು ಆಚೆ ಹಾಕಿದಾಗ ಟ್ರಂಕಿನಲ್ಲಿ ಒಂದು ಹಾಳೆ ಸಿಕ್ತು. 2020ರದು. ಕೊರೊನಾಗೆ ಶಾಲೆ ಮುಚ್ಚಿದ್ದಾಗ ನನ್ನ ಅಕ್ಕನ ಮಗಳಿಗೆ ವಾಟ್ಸಾಪಲ್ಲಿ ಬಂದಿದ್ದ 'ಮನೆಯಲ್ಲೇ ಕಲಿಕೆ, ಒಂದು ದಿನದ ಚಟುವಟಿಕೆಗಳು'. ಫೋನು ಅವಳಪ್ಪನ ಜೇಬಲ್ಲಿ ಗಾರೆ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಅದಕ್ಕೇ ಹಿಂದಿನ ರಾತ್ರಿ ನಾನು ಅದನ್ನ ಹಾಳೆ ಮೇಲೆ ಬರೆದುಕೊಟ್ಟಿದ್ದೆ. ಆಗ ಅವಳು ಮೂರನೇ ಕ್ಲಾಸು.

ಹಾಳೆಯಲ್ಲಿ ಇದ್ದದ್ದು ಇಷ್ಟು. ಬೆಳಿಗ್ಗೆ ಎದ್ದು ವ್ಯಾಯಾಮ. ಆಮೇಲೆ ಅಡುಗೆಯಲ್ಲಿ ಅಮ್ಮನಿಗೆ ಸಹಾಯ ಮಾಡುತ್ತಾ ಅಳತೆ ಕಲಿಯುವುದು. ಹತ್ತಕ್ಕೆ ವಿಡಿಯೋ ಪಾಠ. ಕೈತೋಟದ ಐದು ಗಿಡಗಳ ಹೆಸರು. ಮನೆಯ ನಕ್ಷೆ ಬಿಡಿಸಿ ನಿಮ್ಮ ಓದುವ ಕೋಣೆಗೆ ಬಣ್ಣ ಹಚ್ಚುವುದು. ನಾಲ್ಕಕ್ಕೆ, ಅಜ್ಜ ಅಥವಾ ಅಜ್ಜಿಯ ಶಾಲಾ ದಿನಗಳ ಬಗ್ಗೆ ಕೇಳಿ ಐದು ವಾಕ್ಯ. ಎಲ್ಲವನ್ನೂ ಫೋಟೋ ತೆಗೆದು ಐದು ಗಂಟೆಯೊಳಗೆ ಗುಂಪಿಗೆ ಹಾಕುವುದು.

ಬರೆದ ಟೀಚರ್ ಕೆಟ್ಟವರಲ್ಲ. ಮಕ್ಕಳು ಬೇಜಾರಾಗಬಾರದು ಅಂತಲೇ ಬರೆದಿದ್ದರು. ಆದರೆ ಅವರ ಕಣ್ಣಮುಂದೆ ಇದ್ದ ಮನೆ ನಮ್ಮದಾಗಿರಲಿಲ್ಲ.

ಅವತ್ತು ನಾನು ಅಕ್ಕನ ಮನೇಲೇ ಇದ್ದೆ. ಅಕ್ಕ ಆರಕ್ಕೇ ಕಳೆ ಕೀಳೋಕೆ ಹೋಗಿದ್ದಳು. ಹುಡುಗಿ ಅಮ್ಮನಿಗೆ ಸಹಾಯ ಮಾಡಲಿಲ್ಲ, ಅಮ್ಮನ ಕೆಲಸವನ್ನೇ ಮಾಡಿದಳು. ಎರಡು ಲೋಟ ಅಕ್ಕಿಗೆ ಎಷ್ಟು ನೀರು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈತೋಟ ಇಲ್ಲ, ಆದರೆ ಗದ್ದೆ ಬದುವಿನ ಸೊಪ್ಪು ಗೊತ್ತು. ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ ಅಂತ ಬರೆಯುತ್ತಾ ಹನ್ನೊಂದು ಹೆಸರು ಬರೆದಳು. ಹಾಳೆ ಕೇಳಿದ್ದು ಐದೇ. ವಿಡಿಯೋ ಬಿಟ್ಟುಹೋಯ್ತು. ನಕ್ಷೆ ಬಿಡಿಸಿದಳು. ಒಂದು ಚೌಕ, ಮೂಲೇಲಿ ಒಲೆ. ಇರೋ ಒಂದೇ ಕೋಣೆಗೆ ಪೂರ್ತಿ ಹಳದಿ ಬಳಿದಳು.

ನಾಲ್ಕು ಗಂಟೆಗೆ ಬಂದು ಕೇಳಿದಳು: "ಮಾವ, ಅಜ್ಜಿ ಸ್ಕೂಲಿಗೇ ಹೋಗಿಲ್ವಂತೆ. ಏನ್ ಬರೀಲಿ?"

ಅವತ್ತು ನನಗೆ ಉತ್ತರ ಹೊಳೀಲಿಲ್ಲ. ಹಾಳೆ ಮತ್ತೆ ಕೈಗೆ ಸಿಕ್ಕ ಮೇಲೆ ಅನ್ನಿಸಿತು, ಅಜ್ಜಿಯ ಶಾಲಾ ದಿನಗಳನ್ನ ಬರೆಯೋಕೆ ಹೊರಟರೆ ಒಂದು ದೊಡ್ಡ ಚರಿತ್ರೆಯನ್ನೇ ಬರೀಬೇಕು. ಅದರ ಒಂದು ತುದಿ ನಮ್ಮ ಧಾರವಾಡದಲ್ಲೇ ಇದೆ.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಆಗ ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಸರ್ಕಾರದ ಉತ್ತರ ಹೇಗಿತ್ತು ನೋಡಿ. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಂಡಿತು. ಆದರೆ ಇವನೊಬ್ಬನನ್ನ ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಡ್ತಾರೆ ಅಂತ ಬಾಗಿಲು ಹಾಕಿತು. ಕಾಗದಪತ್ರ ಕಲ್ಕತ್ತೆಗೆ ಹೋಯ್ತು, ಲಂಡನ್ನಿಗೂ ಹೋಯ್ತು. ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ಸೇರಿದ್ದು ಅಂತ ಲಂಡನ್ನಿಂದ ಬರೆದದ್ದು 1858ರಲ್ಲಿ. ಅದು ಕಾಗದದ ಮೇಲಿನ ಮಾತು, ಊರೂರಿನ ಶಾಲೆಗಳ ಬಾಗಿಲು ಅದರಿಂದ ತೆರೆಯಲಿಲ್ಲ. ಎಪ್ಪತ್ತು ವರ್ಷ ಆದ ಮೇಲೆ, 1928ರಲ್ಲಿ, ಬಾಬಾಸಾಹೇಬರು ಸೈಮನ್ ಕಮಿಷನ್ ಮುಂದೆ ನಮ್ಮ ಮಕ್ಕಳ ಶಿಕ್ಷಣದ ಸ್ಥಿತಿ ಇಟ್ಟಾಗ ಇದೇ ಧಾರವಾಡದ ಹುಡುಗನ ಪ್ರಕರಣವನ್ನ ಎತ್ತಿ ತೋರಿಸಿದರು.

ಅಂದರೆ ಆ ಹುಡುಗನಿಗೆ ಸರ್ಕಾರ ಹೇಳಿದ್ದು 'ನೀನು ಮನೇಲೇ ಇರು' ಅಂತ. ಮನೆಯಲ್ಲೇ ಇರೋದು ನಮಗೆ ಹೊಸದಲ್ಲ ಸ್ವಾಮಿ. ತಲೆತಲಾಂತರದಿಂದ ನಾವು ಮನೆಯಲ್ಲೇ ಇದ್ದೆವು.

ಹಾಗಾದರೆ ಮನೆಪಾಠ ಕೆಲಸಕ್ಕೆ ಬಾರದ್ದಾ? ಹಾಗಲ್ಲ. ನಮ್ಮ ಚರಿತ್ರೆಯ ಅತಿ ದೊಡ್ಡ ಪಾಠ ನಡೆದದ್ದೂ ಮನೆಯಲ್ಲೇ. ಸಾವಿತ್ರಿಬಾಯಿ ಫುಲೆ ಮದುವೆಯಾಗಿ ಬಂದಾಗ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ಕಲಿಸಿದವರು ಜ್ಯೋತಿರಾವ್. ಆದರೆ ಜ್ಯೋತಿರಾವ್‌ಗೆ ಅಕ್ಷರ ಬಂದದ್ದು ಎಲ್ಲಿಂದ? ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಿಂದ. ಒಬ್ಬ ಶಾಲೆಯಲ್ಲಿ ಕಲಿತದ್ದು ಮನೆಗೆ ಬಂತು. ಮನೆಯಲ್ಲಿ ಕಲಿತ ಹೆಣ್ಣುಮಗಳು ತರಬೇತಿ ಪಡೆದು, ಮೈಮೇಲೆ ಸಗಣಿ ಎರಚಿಸಿಕೊಂಡು, ಮತ್ತೆ ಶಾಲೆಗೇ ಹೋದಳು ಪಾಠ ಹೇಳೋಕೆ. 1848ರಲ್ಲಿ ಹೆಣ್ಣುಮಕ್ಕಳ ಶಾಲೆ, ಆಮೇಲೆ ಮಹಾರ್ ಮಾಂಗ್ ಮಕ್ಕಳ ಶಾಲೆಗಳು, 1855ರಲ್ಲಿ ದುಡಿಯುವವರಿಗೆ ರಾತ್ರಿ ಶಾಲೆ. ಅದೇ 1855ರಲ್ಲಿ ಅವರ ಶಾಲೆಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ್ ಜಾತಿಯ ಮಗು, ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದಬಾರದು ಅಂತೀರಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ಆ ಹುಡುಗಿ ಕೇಳಿದ್ದಳು. ಪುಣೆಯಲ್ಲಿ ಹೀಗೆ ಶಾಲೆ ಕಲಿತ ಒಂದು ಮಗುವಿನ ಪ್ರಬಂಧ ಅಚ್ಚಾದ ಮರುವರ್ಷವೇ ಧಾರವಾಡದಲ್ಲಿ ಇನ್ನೊಂದು ಮಗುವಿಗೆ ಬಾಗಿಲು ಮುಚ್ಚಿದ್ದು. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸ ಇರಲಿಲ್ಲ.

ಬಾಬಾಸಾಹೇಬರ ಮನೆಗೆ ಬನ್ನಿ. ಮುಂಬೈನ ಪರೇಲ್‌ನಲ್ಲಿ ಒಂದೇ ಕೋಣೆ. ಮಗ ಬೇಗ ಮಲಗಲಿ ಅಂತ ಅಪ್ಪ ರಾಮ್‌ಜಿ ಸಕ್ಪಾಲ್ ಎದ್ದಿರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನ ಓದೋಕೆ ಎಬ್ಬಿಸಿ ತಾವು ಮಲಗುತ್ತಿದ್ದರು. ಈ ಕಥೆಯನ್ನ ನಾವೆಲ್ಲ ಭಾಷಣದಲ್ಲಿ ಹೇಳಿದ್ದೇವೆ. 'ನೋಡಿ, ಮನಸ್ಸಿದ್ದರೆ ಬಡತನದಲ್ಲೂ ಮನೇಲಿ ಓದಬಹುದು' ಅಂತ ನಮಗೆ ಬುದ್ಧಿ ಹೇಳೋರೂ ಇದನ್ನೇ ಹೇಳ್ತಾರೆ. ಆದರೆ ಅವರು ಒಂದು ವಿಷಯ ಬಿಡ್ತಾರೆ. ರಾಮ್‌ಜಿ ಸೈನ್ಯದ ಶಾಲೆಯಲ್ಲಿ ಹೆಡ್ ಮಾಸ್ಟರ್ ಆಗಿದ್ದವರು. ಆ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಓದು ಕಡ್ಡಾಯ ಇತ್ತು. ಅಂದರೆ ಆ ಒಂದು ಕೋಣೆಯ ಹಿಂದೆ ಒಂದು ಶಾಲೆ ಇತ್ತು. ಶಾಲೆ ಇಲ್ಲದಿದ್ದರೆ ರಾಮ್‌ಜಿಯವರೂ ಎರಡು ಗಂಟೆಗೆ ಎಬ್ಬಿಸಬಹುದಿತ್ತು, ಆದರೆ ಮಗನಿಗೆ ಏನು ಹೇಳಿಕೊಡುತ್ತಿದ್ದರು?

ನಾನು ಹೇಳೋಕೆ ಹೊರಟದ್ದು ಇದೇ. ಒಂದು ತಲೆಮಾರು ಶಾಲೆಗೆ ಹೋದರೆ ಮುಂದಿನ ತಲೆಮಾರಿಗೆ ಮನೆಪಾಠ. ಶಾಲೆ ಕೊಡದೆ ಮನೆಪಾಠ ಮಾಡಿ ಅನ್ನೋದು ಬೀಜ ಕೊಡದೆ ಬೆಳೆ ಕೇಳಿದ ಹಾಗೆ. ಅಗ್ರಹಾರದ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಪಾಠ ಹರಿದು ಬಂತು. ನಮ್ಮಜ್ಜಿಗೆ ಅದೇ ಹೊತ್ತಿನಲ್ಲಿ ಗೌಡರ ಕೊಟ್ಟಿಗೆಯ ಸಗಣಿ ಬಾಚುವ ಕೆಲಸ ಇತ್ತು.

ಶಾಲೆ ಸಿಕ್ಕ ಮೇಲೂ ಏನಾಯ್ತು? ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ಗೋಣಿ ತಗೊಂಡು ಹೋಗಿ ಬೇರೆ ಕೂರಬೇಕಿತ್ತು. ಅದನ್ನ ಶಾಲೆಯ ಆಳು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಮತ್ತೆ ಮನೆಗೇ ತರಬೇಕಿತ್ತು. ಶಾಲೆಗೂ ಮನೆಗೂ ನಡುವೆ ದಿನಾ ಓಡಾಡಿದ ಆ ಗೋಣಿ ನನಗೆ 2020ರಲ್ಲಿ ಮತ್ತೆ ಕಾಣಿಸಿತು.

ಆ ವರ್ಷ ಆಗಸ್ಟಿನಲ್ಲಿ ನಮ್ಮ ಸರ್ಕಾರ 'ವಿದ್ಯಾಗಮ' ಶುರು ಮಾಡಿತು. ಮೇಷ್ಟ್ರುಗಳೇ ಊರೊಳಗೆ ಬಂದು ಮರದ ಕೆಳಗೆ, ಜಗಲಿ ಮೇಲೆ ಪಾಠ ಮಾಡಬೇಕು. ಒಳ್ಳೆಯ ಯೋಜನೆ. ನಮ್ಮೂರಲ್ಲಿ ಗುಡಿ ಜಗಲಿ ಅಂತ ಗೊತ್ತಾಯ್ತು. ನಮ್ಮ ಕೇರಿ ಮಕ್ಕಳನ್ನ ಯಾರೂ ಬರಬೇಡಿ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ. ಮಕ್ಕಳು ಗೊಬ್ಬರದ ಚೀಲ ಹಿಡಿದು ಹೋಗಿ, ಜಗಲಿ ಕೆಳಗೆ ಹಾಸಿಕೊಂಡು ಕೂತರು. ನಾವು ನಾಲ್ಕು ಜನ ಹೋಗಿ ಮಾತಾಡಿದ ಮೇಲೆ ಪಾಠ ಹುಣಸೆ ಮರದ ಕೆಳಕ್ಕೆ ಬಂತು. ಅಷ್ಟರಲ್ಲಿ ಅಕ್ಟೋಬರ್ ಬಂತು, ಸೋಂಕು ಹರಡುತ್ತೆ ಅಂತ ವಿದ್ಯಾಗಮವೇ ನಿಂತಿತು.

ಒಂದರಿಂದ ಐದನೇ ತರಗತಿ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮುಚ್ಚಿದ್ದು 2020ರ ಮಾರ್ಚಿನಲ್ಲಿ. ಹತ್ತೊಂಬತ್ತು ತಿಂಗಳು. 2021ರ ಆಗಸ್ಟಿನಲ್ಲಿ ಜ್ಯಾಂ ದ್ರೇಜ್ ಮತ್ತಿತರರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಕೇರಿಗಳಲ್ಲಿ ಸುಮಾರು 1,400 ಮಕ್ಕಳ ಮನೆಗೆ ಹೋಗಿ ಸಮೀಕ್ಷೆ ಮಾಡಿದರು. ಹಳ್ಳಿಯಲ್ಲಿ ನಿಯಮಿತವಾಗಿ ಆನ್‌ಲೈನಲ್ಲಿ ಓದುತ್ತಿದ್ದ ಮಕ್ಕಳು ನೂರಕ್ಕೆ 8. ದಲಿತ, ಆದಿವಾಸಿ ಮಕ್ಕಳನ್ನೇ ತೆಗೆದುಕೊಂಡರೆ ನೂರಕ್ಕೆ 4, ಉಳಿದವರಲ್ಲಿ 15. ಬಡವರ ನಡುವೆಯೇ ಇಷ್ಟು ಅಂತರ.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಮಕ್ಕಳು ಕಮ್ಮಿ ಅಂತ ಊರ ಶಾಲೆಯನ್ನ ದೂರದ ಶಾಲೆಗೆ ವಿಲೀನ ಮಾಡುವ ಮಾತು ಬಂದಾಗಲೆಲ್ಲ ನನಗೆ ಧಾರವಾಡದ ಹುಡುಗ ನೆನಪಾಗ್ತಾನೆ. ಸಂವಿಧಾನದ 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕೊಟ್ಟಿರೋದು ಶಿಕ್ಷಣದ ಹಕ್ಕು. ಮನೆಗೊಂದು ಹಾಳೆ ಕಳಿಸಿದರೆ ಆ ಹಕ್ಕು ತೀರೋದಿಲ್ಲ.

ಸಂಗಾತಿಗಳಲ್ಲಿ ಎರಡು ಮನವಿ. ನಿಮ್ಮ ಕೇರಿಯಲ್ಲಿ ಆ ಹತ್ತೊಂಬತ್ತು ತಿಂಗಳಲ್ಲಿ ಶಾಲೆ ಬಿಟ್ಟು ಮತ್ತೆ ಹೋಗದ ಮಕ್ಕಳು ಎಷ್ಟು ಅಂತ ಮನೆ ಮನೆ ಎಣಿಸಿ, ಹೆಸರು ಬರೆದು ಬಿಇಒ ಆಫೀಸಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಹಾಗೇ ಅಂಬೇಡ್ಕರ್ ಭವನದ ಬೀಗ ಏಪ್ರಿಲ್ 14ಕ್ಕೆ ಮಾತ್ರ ತೆಗೆಯೋದು ಬಿಡಿ. ಸಂಜೆ ಎರಡು ಗಂಟೆ ಲೈಟು ಹಾಕಿ ಮಕ್ಕಳನ್ನ ಕೂರಿಸಿ. ಓದುವ ಕೋಣೆ ಅಂದರೆ ಅದೇ.

ಕೊನೆಗೆ, ಆ ಹುಡುಗಿ ಅವತ್ತು ಬರೆದ ಐದು ವಾಕ್ಯ ಹಾಳೆಯ ಹಿಂಬದಿಯಲ್ಲಿ ಹಾಗೇ ಇವೆ:

ನಮ್ಮ ಅಜ್ಜಿ ಶಾಲೆಗೆ ಹೋಗಿಲ್ಲ. ಶಾಲೆ ಗಂಟೆ ಹೊಡೆದಾಗ ಅಜ್ಜಿ ಗೌಡರ ದನ ಬಿಡುತ್ತಿದ್ದರು. ಗಂಟೆ ಕೇಳಿ ಅಜ್ಜಿಗೆ ಟೈಮ್ ಗೊತ್ತಾಗುತ್ತಿತ್ತು. ಇವತ್ತು ಅಜ್ಜಿಗೆ ನಾನು ಅ ಹೇಳಿಕೊಟ್ಟೆ. ಮಿಸ್, ಶಾಲೆ ಯಾವಾಗ ತೆಗೀತೀರಾ?

ಅವಳಪ್ಪ ಕೆಲಸದಿಂದ ಬಂದ ಮೇಲೆ ರಾತ್ರಿ ಎಂಟಕ್ಕೆ ಫೋಟೋ ಕಳಿಸಿದೆವು. ಗುಂಪಿನಿಂದ ಒಂದು ಹೆಬ್ಬೆರಳು ಬಂತು. ಈಗ ಅವಳು ಎಂಟನೇ ಕ್ಲಾಸು. ಅಜ್ಜಿ ಈಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ, ಸಂಘದ ಪುಸ್ತಕದಲ್ಲಿ ಮಾತ್ರ ಸಹಿ ಹಾಕ್ತಾಳೆ.

ಜೈಭೀಮ್.