ವಿದ್ಯುತ್ ಸಂಪರ್ಕವಿಲ್ಲದ ತೋಟದ ಬಿಡಾರಕ್ಕೆ ಒರತೆ ನೀರು: ಎತ್ತುವ ಮತ್ತು ಸೋಸುವ ಕ್ರಮ

ಹೆಗ್ಗನಹಳ್ಳಿ, ಸುಂಕದಕಟ್ಟೆ ಮುಂತಾದ ಕಡೆ ನೆಲೆಸಿ ಮಲೆನಾಡಿನಲ್ಲಿ ತೋಟ ಉಳಿಸಿಕೊಂಡಿರುವವರು ಕೊಯ್ಲಿನ ದಿನಗಳಲ್ಲಿ ಬಿಡಾರದಲ್ಲಿಯೋ ವಾಹನದಲ್ಲಿಯೋ ತಂಗುವುದುಂಟು. ವಿದ್ಯುತ್ ಇಲ್ಲದಲ್ಲಿ ಗುಡ್ಡದ ಒರತೆಯೇ ನೀರಿಗೆ ಆಸರೆ.

ಒರತೆಯು ಬಿಡಾರಕ್ಕಿಂತ ಎತ್ತರದಲ್ಲಿದ್ದರೆ ಪಂಪು ಅನವಶ್ಯಕ. ಹಿರಿಯರು ಅಡಿಕೆ ದಂಬೆಯಲ್ಲಿ ಅಬ್ಬಿ ನೀರನ್ನು ಅಂಗಳಕ್ಕೆ ತಂದಂತೆ ನೀವು ಕೊಳವೆಯಲ್ಲಿ ತರಬಹುದು. ಕೊಳವೆ ನಡುವೆ ಉಬ್ಬಿ ಇಳಿಯದಂತೆ ನೋಡಿಕೊಳ್ಳಿ. ಉಬ್ಬಿನಲ್ಲಿ ಗಾಳಿ ಸೇರಿದರೆ ಹರಿವು ನಿಲ್ಲುತ್ತದೆ.

ಒರತೆ ತಗ್ಗಿನಲ್ಲಿದ್ದರೆ ಮೊದಲು ಅದರ ಇಳುವರಿಯನ್ನು ಅಳೆಯಿರಿ. ಈ ಅಳತೆ ಏಪ್ರಿಲ್–ಮೇ ತಿಂಗಳಿನದಾಗಿರಬೇಕು. ಮಳೆಗಾಲದ ಲೆಕ್ಕವನ್ನು ನಂಬಿ ಪಂಪು ಕೊಳ್ಳುವುದು ಹಣ ಕಳೆದುಕೊಳ್ಳುವ ದಾರಿ. 20 ಲೀಟರ್ ಬಕೆಟ್ 100 ಸೆಕೆಂಡುಗಳಲ್ಲಿ ತುಂಬಿದರೆ ಇಳುವರಿ ನಿಮಿಷಕ್ಕೆ 12 ಲೀಟರ್. ಇಷ್ಟು ನೀರು 2 ಮೀಟರ್ ಇಳಿಜಾರಿನಲ್ಲಿ ಧುಮುಕುವಂತಿದ್ದರೆ, ಬಿಸಿಲನ್ನೂ ಇಂಧನವನ್ನೂ ಬೇಡದ ಹೈಡ್ರಾಲಿಕ್ ರ್‍ಯಾಮ್ ಪಂಪು ದಿನಕ್ಕೆ ಸುಮಾರು 1,000 ಲೀಟರನ್ನು 20 ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಅದರ ಟಕಟಕ ಸದ್ದು ರಾತ್ರಿಯೂ ನಿಲ್ಲದೆಂಬುದನ್ನು ಬಲ್ಲವರು ಅದನ್ನು ಬಿಡಾರದಿಂದ ದೂರವಿರಿಸುತ್ತಾರೆ. ಇಳಿಜಾರಿಲ್ಲದಲ್ಲಿ 12 ವೋಲ್ಟಿನ ಸಣ್ಣ ಪಂಪು ಹಾಗೂ 100 ವ್ಯಾಟ್ ಸೌರಫಲಕ ಸೂಕ್ತ. ಇದೇ ಕೆಲಸಕ್ಕೆ ಒಳ್ಳೆಯ ಬಿಸಿಲಿನ 3–4 ಗಂಟೆ ಸಾಕು. ಪಂಪನ್ನು ನೀರಿನ ಸಮೀಪದಲ್ಲೇ ಕೂರಿಸಿ. ಪಂಪಿಗೆ ನೀರನ್ನು ದೂಡುವುದು ಸುಲಭ, ಹೀರುವುದು ಕಷ್ಟ.

ಸೋಸುವುದಕ್ಕೆ 200 ಲೀಟರ್ ಡ್ರಮ್ಮಿನ ನಿಧಾನ ಮರಳು ಶೋಧಕ ಅಗ್ಗದ್ದೂ ನಂಬಲರ್ಹವಾದುದೂ ಹೌದು. ತಳದಲ್ಲಿ ಜಲ್ಲಿ, ಮೇಲೆ ತೊಳೆದ ಸಣ್ಣ ಮರಳನ್ನು ಕನಿಷ್ಠ 60 ಸೆಂ.ಮೀ. ದಪ್ಪ ತುಂಬಿ, ಗಂಟೆಗೆ 25ರಿಂದ 50 ಲೀಟರ್ ಮೀರದಂತೆ ಹರಿಸಿ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಲೋಳೆಯಂಥ ಜೀವಪದರವೇ ರೋಗಾಣುಗಳನ್ನು ತಡೆಯುವುದು. ಅದು ಬಲಿಯಲು ಎರಡು–ಮೂರು ವಾರ ಬೇಕು, ಒಣಗಿದರೆ ಸಾಯುತ್ತದೆ. ಆದುದರಿಂದ ಆಗೊಮ್ಮೆ ಈಗೊಮ್ಮೆ ಬಂದು ಹೋಗುವವರು ಈ ಶೋಧಕವೊಂದನ್ನೇ ನೆಚ್ಚತಕ್ಕದ್ದಲ್ಲ. ಕುಡಿಯುವ ನೀರನ್ನು ಕುದಿಬಂದ ಬಳಿಕ ಒಂದು ನಿಮಿಷ ಕುದಿಸಿ. ತೊಟ್ಟಿಗಾದರೆ 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯ ತಿಳಿಯನ್ನು ಬೆರೆಸಿ ಒಂದು ಗಂಟೆ ಬಿಡಿ.

ಇವೆಲ್ಲವೂ ರೋಗಾಣು ಹಾಗೂ ಕೆಸರಿಗೆ ಮಾತ್ರ ಪರಿಹಾರ. ಹೆಗ್ಗನಹಳ್ಳಿಗೆ ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಸೇರಿದ ಕ್ರೋಮಿಯಂ ಕಂಡುಬಂದಿದೆ. ಅಂಥ ನೀರು ಕಣ್ಣಿಗೆ ತಿಳಿಯಾಗಿಯೇ ಇರಬಹುದು. ಮರಳು ಕ್ರೋಮಿಯಂ ಅನ್ನು ತಡೆಯದು. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ತಗ್ಗದು. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಊರಿನ ಕೊಳವೆಬಾವಿಯ ನೀರನ್ನು ಕ್ಯಾನುಗಳಲ್ಲಿ ಒಯ್ಯುವವರು ಇದನ್ನು ಗಮನಿಸಬೇಕು. ಗುಡ್ಡದ ಒರತೆಯೂ ಇದಕ್ಕೆ ಹೊರತಲ್ಲ: ಮೇಲ್ಭಾಗದ ತೋಟದಲ್ಲಿ ಕಳೆನಾಶಕ, ಕೀಟನಾಶಕ ಸಿಂಪಡಿಸುತ್ತಿದ್ದರೆ ಅದು ಇಳಿದು ಬರುವುದು ನಿಮ್ಮ ಕೊಳವೆಗೇ. ಅಂಥ ಒರತೆಯನ್ನು ಕುಡಿಯಲು ಬಳಸುವ ಮುನ್ನ ಪರೀಕ್ಷಿಸುವುದು ಕಡ್ಡಾಯ. ರೋಗಾಣು ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಸೀಸೆಯಲ್ಲಿ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರಿಸಿ, 24 ಗಂಟೆಯೊಳಗೆ ತಲುಪಿಸಿ. ರಾಸಾಯನಿಕ ಪರೀಕ್ಷೆಗೆ ಬೇರೆ ಸೀಸೆ ಬೇಕು. ಯಾವ ಔಷಧಿ ಸಿಂಪಡಣೆಯಾಗಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ, ಏಕೆಂದರೆ ಸಾಮಾನ್ಯ ಪರೀಕ್ಷೆಯಲ್ಲಿ ಕೀಟನಾಶಕದ ಶೇಷವನ್ನು ನೋಡುವುದಿಲ್ಲ.