ನಿಮಗೆ 30 ದಿನ, ಸರ್ಕಾರಕ್ಕೆ 10 ವರ್ಷ: ಒಂದು ಲೇಔಟಿನ ಕಥೆ

ಇಯರ್‌ಫೋನ್ ಹಾಕ್ಕೊಂಡು ಯಲಹಂಕ ಕಡೆ ಬಸ್ಸಲ್ಲಿ ಹೋಗ್ತಾ ಇರೋರಿಗೆ ಇವತ್ತಿನ ಎಪಿಸೋಡ್ ಸ್ವಲ್ಪ ಜಾಸ್ತಿ ಹತ್ತಿರದ್ದು. ಕಿಟಕಿ ಆಚೆ ಕಾಣೋ ಜಾಗದ್ದೇ ಕಥೆ.

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಹೆಸರಲ್ಲಿ ಒಂದು ಎಕರೆ ಜಮೀನಿದೆ ಅಂದ್ಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಬಿಡಿಎ, "ಇದು ನಮ್ಮ ಲೇಔಟಿಗೆ ಬೇಕು" ಅಂತ ಪ್ರಾಥಮಿಕ ಅಧಿಸೂಚನೆ ಹೊರಡಿಸಿ ನಿಮಗೆ ನೋಟಿಸ್ ಕೊಡುತ್ತೆ. ಆಕ್ಷೇಪಣೆ ಸಲ್ಲಿಸೋಕೆ ನಿಮಗೆ ಸಿಗೋದು 30 ದಿನ. ಸರಿ, ಆಮೇಲೆ ಅಂತಿಮ ಅಧಿಸೂಚನೆ ಹೊರಡಿಸೋಕೆ ಬಿಡಿಎಗೆ ಎಷ್ಟು ದಿನ? ಬಿಡಿಎ ಕಾಯ್ದೆಯಲ್ಲಿ ಅದಕ್ಕೆ ಸಂಖ್ಯೆಯೇ ಇಲ್ಲ. ಅಂತಿಮ ಅಧಿಸೂಚನೆ ಆದ ಮೇಲೆ 5 ವರ್ಷದಲ್ಲಿ ಯೋಜನೆ ಬಹುಪಾಲು ಮುಗಿಸಬೇಕು ಅನ್ನೋ ನಿಯಮ ಇದೆ. ಅದಕ್ಕಿಂತ ಮುಂಚಿನ ಕಾಯೋ ಕಾಲಕ್ಕೆ ಮಾತ್ರ ಗಡಿಯಾರವೇ ಇಲ್ಲ.

ಆ ಗಡಿಯಾರ ಇಲ್ಲದ ಜಾಗದಲ್ಲಿ 17 ಹಳ್ಳಿಗಳು ಸಿಕ್ಕಿಹಾಕ್ಕೊಂಡವು. ಅದೇ ಇವತ್ತಿನ ಕಥೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನ ಹೊರಗೆ ಹೊರಟರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಅದಕ್ಕೆ ಮೊದಲೇ ಶುರುವಾಗಿತ್ತು, ಪ್ಲೇಗ್ ಅದಕ್ಕೆ ವೇಗ ಕೊಟ್ಟಿತು. ಅಗಲವಾದ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು. ಆರೋಗ್ಯಕ್ಕೋಸ್ಕರ ಊರು ಕಟ್ಟಿದ ಕಾಲ ಅದು.

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ನಮ್ಮ ಅಜ್ಜ ಅಜ್ಜಿ ಬಾಯಲ್ಲಿ "ಸಿಐಟಿಬಿ". ಜಯನಗರದಂಥ ಬಡಾವಣೆಗಳು ಅದರ ಕೆಲಸ. 1976ರಲ್ಲಿ ಸಿಐಟಿಬಿ ಜಾಗಕ್ಕೆ ಬಿಡಿಎ ಬಂತು. ಮುಂದೆ ನಗರದ ಮಾಸ್ಟರ್ ಪ್ಲ್ಯಾನ್ ಮಾಡೋ ಅಧಿಕಾರವೂ ಅದರ ಕೈಗೇ ಸೇರಿತು.

ಬಿ.ಕಾಂ. ಓದಿದೋರಿಗೆ ಇಲ್ಲೇ ತಲೆ ಕೆರೆಯತ್ತೆ. ಅಕೌಂಟ್ಸಲ್ಲಿ ಮೊದಲ ಪಾಠ ಏನು? ಕ್ಯಾಷ್ ಹಿಡಿಯೋನೇ ಲೆಕ್ಕ ಬರೀಬಾರದು. ಇಲ್ಲಿ ನೋಡಿ: ಎಲ್ಲಿ ಮನೆ, ಎಲ್ಲಿ ಪಾರ್ಕ್ ಅಂತ ವರ್ಷಗಟ್ಟಲೆ ನಕ್ಷೆ ಬರೀತಿದ್ದಿದ್ದು ಬಿಡಿಎ. ರೈತನ ಜಮೀನು ತಗೊಳ್ಳೋದು ಬಿಡಿಎ. ಸೈಟ್ ಮಾಡಿ ಹಂಚೋದು, ಹರಾಜು ಹಾಕೋದು ಬಿಡಿಎ. ರೈತನ ಆಕ್ಷೇಪಣೆ ಕೇಳೋದೂ ಬಿಡಿಎ. ತಪ್ಪಾದಾಗ ಯಾರನ್ನ ಕೇಳಬೇಕು?

ಈಗ 2008ಕ್ಕೆ ಬರೋಣ. ಡಿಸೆಂಬರ್ 30. ಉತ್ತರ ಬೆಂಗಳೂರಿನ 17 ಹಳ್ಳಿಗಳಲ್ಲಿ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಆಯ್ತು. ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ, ಬ್ಯಾಲಕೆರೆ, ಗಾಣಿಗರಹಳ್ಳಿ, ಹೀಗೆ. ಲೇಔಟಿಗೆ ಇಟ್ಟ ಹೆಸರು ಡಾ. ಕೆ. ಶಿವರಾಮ ಕಾರಂತ. ಕೈಗಾ ಅಣುಸ್ಥಾವರದ ವಿರುದ್ಧ ನಿಂತವರು, ಸರ್ಕಾರಕ್ಕೆ ಪ್ರಶ್ನೆ ಕೇಳೋದನ್ನ ಇಳಿವಯಸ್ಸಲ್ಲೂ ಬಿಡದವರು. ಅವರ ಹೆಸರಿನ ಲೇಔಟಲ್ಲೇ ಇಷ್ಟು ಪ್ರಶ್ನೆ ಉಳಿದುಬಿಟ್ಟಿದ್ದು ವಿಚಿತ್ರ.

ಅಧಿಸೂಚನೆ ಆಯ್ತು, ಆಮೇಲೆ ಸುಮ್ಮನೆ. ವರ್ಷಗಳು ಉರುಳಿದವು. ಮಧ್ಯೆ ಕೆಲವು ಜಮೀನುಗಳನ್ನ ಯೋಜನೆಯಿಂದ ಕೈಬಿಟ್ಟರು. ಉಳಿದವರು ಕೋರ್ಟಿಗೆ ಹೋದರು. ಇಷ್ಟು ತಡ ಮಾಡಿದ ಮೇಲೆ ಯೋಜನೆ ಉಳಿಯಲ್ಲ ಅಂತ ಹೈಕೋರ್ಟ್ 2014ರಲ್ಲಿ ಅದನ್ನ ರದ್ದು ಮಾಡಿತು.

ಈ ಮಧ್ಯದ ಕಾಲದಲ್ಲಿ ನೆಲದ ಮೇಲೆ ಏನಾಯ್ತು ಯೋಚನೆ ಮಾಡಿ. ನೋಟಿಫೈ ಆದ ಜಮೀನು ರೈತನ ಪಹಣಿಯಲ್ಲಿ ಇರತ್ತೆ, ಕೈಯಲ್ಲಿ ಇರಲ್ಲ. ಬ್ಯಾಂಕಿಗೆ ಹೋದ್ರೆ ಸಾಲ ಸಲೀಸಾಗಿ ಹುಟ್ಟಲ್ಲ. ಇನ್ನೊಂದು ಕಡೆ ನಗರ ಬೆಳೀತಾ ಬಂದು ಹಳ್ಳಿ ಬಾಗಿಲಿಗೇ ನಿಂತಿದೆ. ಬಿಡಿಎ ಸೈಟಿಗೆ ಅರ್ಜಿ ಹಾಕಿ ಹಾಕಿ ಸಾಕಾದೋರು, ಬಾಡಿಗೆ ಕಟ್ಟಿ ಸುಸ್ತಾದೋರು ಬಂದು ರೆವೆನ್ಯೂ ಸೈಟ್ ತಗೊಂಡ್ರು. ಅಂದ್ರೆ ಕೃಷಿ ಜಮೀನನ್ನ ಪರಿವರ್ತನೆ ಇಲ್ಲದೆ ತುಂಡು ಮಾಡಿ ಮಾರಿದ ಸೈಟ್. ಚೀಟಿ ಎತ್ತಿ, ಒಡವೆ ಅಡ ಇಟ್ಟು ಮನೆ ಕಟ್ಟಿಕೊಂಡ್ರು.

2018ರ ಆಗಸ್ಟ್ 3. ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನ ತಳ್ಳಿಹಾಕಿ ಲೇಔಟ್ ಮುಂದುವರಿಸಿ ಅಂತ ಹೇಳಿತು. ಸಾರ ಇಷ್ಟು: ಅಧಿಕಾರಿಗಳು ತಡ ಮಾಡಿದ್ರು ಅನ್ನೋ ಕಾರಣಕ್ಕೆ ಸಾರ್ವಜನಿಕರಿಗೆ ಬೇಕಾದ ಯೋಜನೆ ಸಾಯಬಾರದು. ಜಮೀನು ಕೈಬಿಟ್ಟ ಅಧಿಕಾರಿಗಳ ಹೊಣೆ ಗುರುತಿಸೋಕೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಒಬ್ಬರಿಗೆ ವಿಚಾರಣೆಯನ್ನೂ ವಹಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಬಂತು. ಪ್ರಾಥಮಿಕದಿಂದ ಅಂತಿಮಕ್ಕೆ ಹತ್ತಿರ ಹತ್ತಿರ 10 ವರ್ಷ.

ಅಲ್ಲಿ ಕಟ್ಟಿದ ಮನೆಗಳ ಗತಿ? 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ನೇತೃತ್ವದ ಸಮಿತಿ ಮಾಡಿತು. 2018ರ ಆಗಸ್ಟ್ 3ಕ್ಕೆ ಮುಂಚೆ ಕಾನೂನು ಪ್ರಕಾರ ಕಟ್ಟಿದ ಮನೆಗಳನ್ನ ಗುರುತಿಸೋದು ಅದರ ಕೆಲಸ. ಕರೆಂಟ್ ಬಿಲ್ಲು, ತೆರಿಗೆ ರಶೀದಿ, ಫೋಟೋ ಹಿಡ್ಕೊಂಡು ಜನ ತಮ್ಮ ಮನೆಗೆ ತಾವೇ ಸಾಕ್ಷಿ ಒದಗಿಸಬೇಕಾಯ್ತು. ಇನ್ನು ರೈತರು 2013ರ ಭೂಸ್ವಾಧೀನ ಕಾಯ್ದೆಯ ಹೆಚ್ಚಿನ ಪರಿಹಾರ ಕೊಡಿ ಅಂತ ಕೇಳ್ತಾ ಇದ್ರು. ಬಿಡಿಎ ಸ್ವಾಧೀನಕ್ಕೆ 1894ರ ಹಳೇ ಕಾಯ್ದೆಯ ಲೆಕ್ಕವೇ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಲೇಔಟೇ ಬೇಡ ಅಂತ ನಾನು ಹೇಳ್ತಿಲ್ಲ. ಸರ್ಕಾರ ಸೈಟ್ ಮಾಡ್ಲಿಲ್ಲ ಅಂದ್ರೆ ಆ ಜಾಗಕ್ಕೆ ಬರೋದು ಖಾಸಗಿ ಲೇಔಟ್, ಅದರ ರೇಟು ನಿಮಗೂ ಗೊತ್ತು. ಕೋರ್ಟ್ ಹೇಳಿದ್ರಲ್ಲೂ ತರ್ಕ ಇದೆ. ಆದ್ರೆ ಲೆಡ್ಜರ್ ನೋಡಿ: ತಡ ಮಾಡಿದ್ದು ಆಡಳಿತ, ಬೆಲೆ ಕಟ್ಟಿದ್ದು ರೈತ ಮತ್ತೆ ಮನೆ ಕಟ್ಟಿದೋನು. ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ. ಮಧ್ಯದಲ್ಲಿ ಸಹಿ ಹಾಕಿದವರ ಹೆಸರು ಮಾತ್ರ ಯಾವ ಕಾಲಮ್ಮಲ್ಲೂ ಸುಲಭಕ್ಕೆ ಸಿಗಲ್ಲ.

ಹಾಗಾದ್ರೆ ಕೇಳೋ ಜಾಗ ಯಾವುದು? ಸಂವಿಧಾನದಲ್ಲೇ ಒಂದಿದೆ. 1992ರ 74ನೇ ತಿದ್ದುಪಡಿ, 243ಝಡ್‌ಇ ವಿಧಿ. 10 ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಮೆಟ್ರೋಪಾಲಿಟನ್ ಯೋಜನಾ ಸಮಿತಿ ಇರಬೇಕು. ಅದರ ಮೂರನೇ ಎರಡು ಭಾಗಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರನ್ನ ಕಾರ್ಪೊರೇಟರ್‌ಗಳು, ಪಂಚಾಯ್ತಿ ಅಧ್ಯಕ್ಷರು ತಮ್ಮೊಳಗಿಂದಲೇ ಆರಿಸಬೇಕು. ಅಂದ್ರೆ ನಿಮ್ಮ ವಾರ್ಡಿನವರು ಊರಿನ ನಕ್ಷೆ ಬಗ್ಗೆ ಮಾತಾಡೋ ಜಾಗ. ಬೆಂಗಳೂರಿಗೆ ಆ ಸಮಿತಿ ಬಂದಿದ್ದು 2014ರಲ್ಲಿ. ಇನ್ನು ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕಾರ್ಪೊರೇಟರೇ ಇಲ್ಲ ಅಂದ್ರೆ ಸಮಿತಿಯಲ್ಲಿ ಅವರ ಕುರ್ಚಿಗೆ ಯಾರು ಬರ್ತಾರೆ? ಮಾಸ್ಟರ್ ಪ್ಲ್ಯಾನ್ ಕಥೆಯೂ ಅಷ್ಟೇ. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನ ಕೈಬಿಟ್ಟಿತು. ಹಾಗಾಗಿ 2007ರಲ್ಲಿ ಒಪ್ಪಿದ, 2015ಕ್ಕೆ ಅಂತ ಮಾಡಿದ ಪ್ಲ್ಯಾನನ್ನೇ ಎಳ್ಕೊಂಡು ಬಂದ್ವಿ.

ಸೈಟ್ ನೋಡೋಕೆ ಹೋಗೋ ಗೆಳೆಯರೇ, ಬರೀ ಬ್ರೋಕರ್ ಮಾತು, ಬಣ್ಣದ ಬ್ರೋಷರ್ ನಂಬಬೇಡಿ. ಪಹಣಿ, ಇ.ಸಿ. ಜೊತೆಗೆ ಆ ಸರ್ವೆ ನಂಬರ್ ಯಾವುದಾದ್ರೂ ಅಧಿಸೂಚನೆಯಲ್ಲಿ ಇದೆಯಾ ಅಂತ ವಿಚಾರಿಸಿ. ಆದ್ರೆ ಇದು ನಿಮ್ಮೊಬ್ಬರ ಎಚ್ಚರಿಕೆಯಿಂದ ಮುಗಿಯೋ ಕೆಲಸ ಅಲ್ಲ. ಮುಂದಿನ ಸಲ ವೋಟು ಕೇಳೋಕೆ ಬಂದವರ ಹತ್ರ ರಸ್ತೆ ಗುಂಡಿ ಬಗ್ಗೆ ಕೇಳಿ, ಬೇಡ ಅನ್ನಲ್ಲ. ಜೊತೆಗೆ ಇದೊಂದನ್ನೂ ಕೇಳಿ: ರೈತನಿಗೆ 30 ದಿನದ ಗಡುವು ಇದೆಯಲ್ಲ, ನಿಮಗೆ ಎಷ್ಟು ದಿನ?

ಉತ್ತರ ಬಂದ್ರೆ ನನಗೂ ಕಳಿಸಿ. ಮುಂದಿನ ವಾರ ಸಿಗೋಣ.