ಪ್ಯಾಲೆಸ್ಟೀನ್–ಇಸ್ರೇಲ್: ಕ್ರೈಸ್ತ ಸಭೆಗಳ ಶಾಂತಿಯತ್ನ ಮತ್ತು ಕನ್ನಡನಾಡಿನ ನಂಟು

ಯೇಸು ಹುಟ್ಟಿ ಓಡಾಡಿದ ನೆಲದಲ್ಲಿ ಪ್ಯಾಲೆಸ್ಟೀನಿಯರೂ ಇಸ್ರೇಲಿಗರೂ ಭಯವಿಲ್ಲದೆ, ಸಮಾನ ಹಕ್ಕಿನಿಂದ ಬಾಳಬೇಕೆಂದು ಕ್ರೈಸ್ತ ಸಭೆಗಳು 1948ರಿಂದೀಚೆಗೆ ಮಾಡಿಕೊಂಡು ಬಂದ ಕೆಲಸಗಳ ಚರಿತ್ರೆ ಇದು. ನಿರಾಶ್ರಿತರಿಗೆ ಅನ್ನ–ಬಟ್ಟೆ ಹಂಚುವುದರಿಂದ ಮೊದಲಾದ ಈ ಕೆಲಸ ಧರ್ಮಸಂವಾದ, ಅಹಿಂಸಾತ್ಮಕ ಪ್ರತಿಭಟನೆ, ಹಳ್ಳಿಗಳಲ್ಲಿ ಕಾವಲು ನಿಲ್ಲುವುದು, ಬಂಡವಾಳ ಹಿಂತೆಗೆತದವರೆಗೂ ಬೆಳೆಯಿತು. ಯೂರೋಪು, ಅಮೆರಿಕ, ಅರಬ್ ನಾಡುಗಳ ಹೆಸರುಗಳೇ ಇದರಲ್ಲಿ ಮುಂದೆ ಕಾಣುತ್ತವೆ. ಆದರೆ ಮಂಗಳೂರು, ಕಾರ್ಕಳ, ಬೆಂಗಳೂರುಗಳ ಪಾಲು ಚಿಕ್ಕದಲ್ಲ, ಮತ್ತು ಕನ್ನಡದಲ್ಲಿ ಅದನ್ನು ಒಂದೆಡೆ ಹೇಳಬೇಕಾದ ಅಗತ್ಯವಿದೆ.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಕಥೆ ಕನ್ನಡಿಗರಿಗೆ ಗೊತ್ತು. ಮುದ್ರಣ, ಹೆಂಚು, ಶಾಲೆಗಳ ಜೊತೆ ಮೋಗ್ಲಿಂಗ್, ಕಿಟೆಲ್ ಅವರೂ ಆ ಕಥೆಯಲ್ಲಿದ್ದಾರೆ. ಅದೇ ಬಾಸೆಲ್ ಶಿಕ್ಷಣಾಲಯದಲ್ಲಿ ಓದಿದ ಸ್ಯಾಮುವೆಲ್ ಗೋಬಾಟ್ 1846ರಿಂದ 1879ರಲ್ಲಿ ತೀರಿಕೊಳ್ಳುವವರೆಗೆ ಯೆರೂಸಲೇಮಿನ ಪ್ರೊಟೆಸ್ಟೆಂಟ್ ಬಿಷಪ್ ಆಗಿದ್ದರು. ಯಹೂದಿಗಳನ್ನು ಮತಾಂತರಿಸಬೇಕೆಂಬ ಗುರಿಯಿಂದ ಹುಟ್ಟಿದ ಆ ಪೀಠವನ್ನು ಅವರು ಅರಬ್ ಹಳ್ಳಿಗಳಲ್ಲಿ ಶಾಲೆ ತೆರೆಯುವ ಕಡೆಗೆ ತಿರುಗಿಸಿದರು. ಮುಂದೆ ಪ್ಯಾಲೆಸ್ಟೀನಿನ ಹಕ್ಕಿಗಾಗಿ ದನಿಯೆತ್ತಿದ ಅರಬ್ ಆಂಗ್ಲಿಕನ್ ಸಭೆ ಬೆಳೆದದ್ದು ಈ ಬೇರಿನಿಂದ.

ಇನ್ನೊಂದು ನಂಟು ಕಥೊಲಿಕ ಸಭೆಯದು. ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಮರಿಯಂ ಬವಾರ್ದಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದರು. ಭಾರತದ ಮೊದಲ ಕಾರ್ಮೆಲ್ ಏಕಾಂತ ಮಠವನ್ನು ಸ್ಥಾಪಿಸಲು 1870ರಲ್ಲಿ ಹೊರಟ ಸನ್ಯಾಸಿನಿಯರ ತಂಡದೊಂದಿಗೆ ಮಂಗಳೂರಿಗೆ ಬಂದರು. ಆ ಪ್ರಯಾಣದಲ್ಲೇ ಕೆಲವರು ಜೀವ ಬಿಟ್ಟಿದ್ದರು. ಮರಿಯಂ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತಗಳನ್ನು ಸ್ವೀಕರಿಸಿದರು. ಅವರ ದರ್ಶನಾನುಭವಗಳ ಬಗ್ಗೆ ಅನುಮಾನ ಎದ್ದು, ಮರುವರ್ಷ ಅವರನ್ನು ಫ್ರಾನ್ಸಿಗೆ ಹಿಂದಿರುಗಿಸಲಾಯಿತು. ಬಳಿಕ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಿಸುವ ಕೆಲಸಕ್ಕೆ ನಿಂತು, 1878ರಲ್ಲಿ ಅಲ್ಲೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರ ಮೇ 17ರಂದು ಈಕೆಯನ್ನೂ ಯೆರೂಸಲೇಮಿನ ಮರಿ ಅಲ್ಫೋನ್ಸಿನ್ ಅವರನ್ನೂ ಸಂತರೆಂದು ಸಾರಿದಾಗ, ಪ್ಯಾಲೆಸ್ಟೀನಿನ ಕ್ರೈಸ್ತರು ಅದನ್ನು ತಮ್ಮ ಇರುವಿಕೆಗೇ ಸಂದ ಮನ್ನಣೆ ಎಂದು ಕಂಡರು. ಮುಂದಿನ ತಿಂಗಳೇ ವ್ಯಾಟಿಕನ್ ಪ್ಯಾಲೆಸ್ಟೀನ್ ರಾಷ್ಟ್ರದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಇಸ್ರೇಲಿನೊಂದಿಗಿನ ಮೂಲ ಒಪ್ಪಂದ 1993ರ ಡಿಸೆಂಬರ್ 30ರಷ್ಟು ಹಿಂದಿನದು.

ಮೂರನೆಯ ನಂಟು ಸಭೆಯದಲ್ಲ, ಸೈನ್ಯದ್ದು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಹೈಫಾ ಊರನ್ನು ತುರ್ಕರಿಂದ ಗೆದ್ದಿತು. ಮೈಸೂರಿನ ಸವಾರರು ಆ ದಿನ ಏರಿದ್ದು ಕಾರ್ಮೆಲ್ ಬೆಟ್ಟವನ್ನು. ಬ್ರಿಟಿಷರ ಆಳ್ವಿಕೆಗೆ ದಾರಿ ಮಾಡಿಕೊಟ್ಟ ಆ ಗೆಲುವಿನ ಹಿಂದಿನ ವರ್ಷವೇ, ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲಿ ರಾಷ್ಟ್ರೀಯ ನೆಲೆ ಒದಗಿಸುವ ಬಾಲ್ಫರ್ ಘೋಷಣೆ ಹೊರಬಿದ್ದಿತ್ತು.

ಎರಡು ಋಣಗಳು

ಯೂರೋಪಿನಲ್ಲಿ ಅರುವತ್ತು ಲಕ್ಷ ಯಹೂದಿಗಳನ್ನು ಕೊಂದದ್ದು ಕ್ರೈಸ್ತ ನಾಡುಗಳ ನಡುವೆ. ಶತಮಾನಗಳಿಂದ ಪ್ರವಚನಪೀಠಗಳಲ್ಲಿ ಬಿತ್ತಿದ ದ್ವೇಷ ಅದಕ್ಕೆ ನೆಲ ಹದ ಮಾಡಿತ್ತು. ಅದಾದ ಮೂರೇ ವರ್ಷಕ್ಕೆ, 1948ರಲ್ಲಿ, ಇಸ್ರೇಲ್ ಹುಟ್ಟಿದಾಗ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಊರು–ಮನೆ ಕಳೆದುಕೊಂಡರು. ಅವರಲ್ಲಿ ಮುಸ್ಲಿಮರೂ ಇದ್ದರು, ಕ್ರೈಸ್ತರೂ ಇದ್ದರು. ಸಭೆಗಳ ಮುಂದಿನ ಎಲ್ಲ ನಡೆಗಳಲ್ಲೂ ಈ ಎರಡು ಋಣಗಳ ಎಳೆದಾಟ ಕಾಣುತ್ತದೆ. ಒಂದನ್ನು ತೀರಿಸುವ ಭರದಲ್ಲಿ ಇನ್ನೊಂದನ್ನು ಮರೆತ ಕಡೆಯೆಲ್ಲ ಸಭೆಗಳ ಮಾತು ಪೊಳ್ಳಾಯಿತು ಎಂಬುದು ಈ ಚರಿತ್ರೆಯನ್ನು ಓದಿದವರಿಗೆ ಹೊಳೆಯದೆ ಇರದು.

ಅದೇ 1948ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹುಟ್ಟಿದ ಚರ್ಚುಗಳ ವಿಶ್ವ ಮಂಡಲಿ, ಯಹೂದಿ ದ್ವೇಷ ದೇವರಿಗೂ ಮನುಷ್ಯರಿಗೂ ಎದುರಾದ ಪಾಪ ಎಂದು ಸಾರಿತು. ಗಾಜಾದಲ್ಲಿ ನಿರಾಶ್ರಿತರಿಗೆ ಮೊದಲು ಪಡಿತರ ಹಂಚಿದವರಲ್ಲಿ ಅಮೆರಿಕದ ಕ್ವೇಕರರು ಮುಖ್ಯರು. 1950ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತ ಸಂಸ್ಥೆ ಅವರ ಕೈಯಿಂದ ಆ ಹೊಣೆ ವಹಿಸಿಕೊಂಡಿತು. ಪೋಪ್ 12ನೇ ಪಯಸ್ 1949ರಲ್ಲಿ ಪ್ಯಾಲೆಸ್ಟೀನಿಗಾಗಿಯೇ ಪರಿಹಾರ ಸಂಸ್ಥೆಯೊಂದನ್ನು ತೆರೆದರು. ಸಭೆಗಳು ಆಗ ನಿರಾಶ್ರಿತರನ್ನು ಕನಿಕರದಿಂದ ನೋಡಿದವು; ಅವರ ಹಕ್ಕಿನ ಮಾತು ಬರಲು ಇನ್ನೂ ಎರಡು ದಶಕ ಬೇಕಾಯಿತು. ರೋಮ್ ತನ್ನ ಹಳೆಯ ಯಹೂದಿ ವಿರೋಧಿ ಬೋಧನೆಯನ್ನು ಅಧಿಕೃತವಾಗಿ ಕೈಬಿಟ್ಟದ್ದು 1965ರ ಅಕ್ಟೋಬರ್ 28ರ ನೋಸ್ತ್ರಾ ಏತಾತೆ ಘೋಷಣೆಯಿಂದ.

ಸ್ಟ್ಯಾನ್ಲಿ ಸಮರ್ಥ ಮತ್ತು ಸಂವಾದದ ಮೇಜು

ತುಮಕೂರು ಸೀಮೆಯ ಗುಬ್ಬಿಯಲ್ಲಿ 19ನೇ ಶತಮಾನದಲ್ಲಿ ಬೇರುಬಿಟ್ಟ ವೆಸ್ಲಿಯನ್ ಮಿಷನ್ನಿನ ಸಭೆಗಳೆಲ್ಲ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಆ ಸಭೆ ವಿಶ್ವ ಮಂಡಲಿಯ ಸದಸ್ಯ. ಹೀಗೆ ತಿಪಟೂರು, ತುರುವೇಕೆರೆ ಕಡೆಯ ಸಣ್ಣ ಸಭೆಯೊಂದಕ್ಕೂ ಮಂಡಲಿಯ ನೆಲೆಯಾದ ಜಿನೀವಾದಲ್ಲಿ ತೆಗೆದುಕೊಳ್ಳುವ ತೀರ್ಮಾನಗಳಿಗೂ ಸಂಬಂಧ ಉಂಟಾಯಿತು. ಆ ತೀರ್ಮಾನಗಳನ್ನು ರೂಪಿಸಿದವರಲ್ಲಿ ಕನ್ನಡನಾಡಿನವರೇ ಒಬ್ಬರಿದ್ದರು.

ಸ್ಟ್ಯಾನ್ಲಿ ಜೆಡಿಡಾಯ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ, ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ ಹುಟ್ಟಿದರು. ಮಂಗಳೂರಿನ ಸೇಂಟ್ ಅಲೋಷಿಯಸ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಆಮೇಲೆ ಅಮೆರಿಕದಲ್ಲಿ ಓದಿ, ಮಂಗಳೂರಿನ ದೇವಶಾಸ್ತ್ರ ಶಾಲೆಯ ಪ್ರಾಂಶುಪಾಲರಾದರು. ವಿಶ್ವ ಮಂಡಲಿಯ ಕೇಂದ್ರ ಸಮಿತಿ 1971ರ ಜನವರಿಯಲ್ಲಿ ಅಡಿಸ್ ಅಬಾಬದಲ್ಲಿ ಸೇರಿ ಅನ್ಯಧರ್ಮೀಯರೊಂದಿಗೆ ಸಂವಾದಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದಾಗ ಅದರ ಮೊದಲ ನಿರ್ದೇಶಕರು ಸಮರ್ಥ. ಆ ಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಕೇರಳದ ಎಂ. ಎಂ. ಥಾಮಸ್. ಅವರು ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನ ಕೇಂದ್ರದ ನಿರ್ದೇಶಕರೂ ಆಗಿದ್ದರು. ಲೆಬನಾನಿನ ಅರಬ್ ಕ್ರೈಸ್ತ ಬಿಷಪ್ ಜಾರ್ಜ್ ಖೋದ್ರ್ ಅಲ್ಲಿ ಮುಖ್ಯ ಭಾಷಣ ಮಾಡಿದರು.

ಮಂಡಲಿಯೊಳಗೆ ಯಹೂದಿಗಳೊಂದಿಗಿನ ಮಾತುಕತೆಗೆ ಅಲ್ಲಿಯವರೆಗೆ ಬೇರೆಯೇ ಸಮಿತಿ ಇತ್ತು. ಯೂರೋಪಿನವರ ಪಶ್ಚಾತ್ತಾಪವೇ ಅದರ ಉಸಿರು. ಹೊಸ ವಿಭಾಗದಲ್ಲಿ ಯಹೂದಿ, ಮುಸ್ಲಿಂ, ಹಿಂದೂ, ಬೌದ್ಧ ಸಂವಾದಗಳೆಲ್ಲ ಒಂದೇ ಸೂರಿನಡಿ ಬಂದವು. ದಕ್ಷಿಣ ಕನ್ನಡದಲ್ಲಿ ಹಿಂದೂ, ಮುಸ್ಲಿಂ, ಜೈನರ ನೆರೆಯಲ್ಲಿ ಬೆಳೆದ ಸಮರ್ಥರಿಗೆ ಇದು ಸಹಜ; ಯೂರೋಪಿನ ಹಲವರಿಗೆ ಅದು ಇರಿಸುಮುರಿಸು. ಲೆಬನಾನಿನ ಬ್ರುಮಾನಾದಲ್ಲಿ 1972ರಲ್ಲಿ ಕ್ರೈಸ್ತ–ಮುಸ್ಲಿಂ ಮಾತುಕತೆ ನಡೆಯಿತು. ಅಕ್ಟೋಬರ್ 1973ರ ಅರಬ್–ಇಸ್ರೇಲ್ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ 1974ರ ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ ಯಹೂದಿ, ಮುಸ್ಲಿಂ, ಕ್ರೈಸ್ತ, ಹಿಂದೂ, ಬೌದ್ಧರನ್ನು ಒಟ್ಟಿಗೆ ಕೂರಿಸಿದ್ದು ಸಾಮಾನ್ಯ ಸಾಧನೆಯಲ್ಲ. ಸಮರ್ಥರ ಕಾಲದಲ್ಲೇ ಸಂವಾದದ ಮಾರ್ಗಸೂಚಿಗಳು 1979ರಲ್ಲಿ ಅಂಗೀಕಾರವಾದವು. ಅದರ ಮುಂದುವರಿಕೆಯಾಗಿ 1982ರಲ್ಲಿ ಯಹೂದಿ–ಕ್ರೈಸ್ತ ಸಂವಾದದ ದಾಖಲೆ ಬಂತು. ನಿವೃತ್ತಿಯ ನಂತರ ಸಮರ್ಥ ಬೆಂಗಳೂರಿನಲ್ಲಿ ನೆಲೆಸಿ, 2001ರಲ್ಲಿ ತೀರಿಕೊಂಡರು.

ಈ ವ್ಯವಸ್ಥೆಗೆ ಒಂದು ಕೊರತೆಯೂ ಇತ್ತು. ಸಂವಾದ ಒಂದು ವಿಭಾಗದ ಕೆಲಸ, ಪ್ಯಾಲೆಸ್ಟೀನಿನ ನೆಲ–ಗಡಿಯ ಪ್ರಶ್ನೆ ಅಂತರರಾಷ್ಟ್ರೀಯ ವ್ಯವಹಾರಗಳ ಆಯೋಗದ ಕೆಲಸ ಎಂದು ಪಾಲಾಗಿತ್ತು. ನೈರೋಬಿಯ 1975ರ ಮಹಾಧಿವೇಶನದಲ್ಲಿ ಈ ಬಿರುಕು ಕಂಡಿತು. ಜಿಯೋನಿಸಂ ಎಂದರೆ ಜನಾಂಗವಾದ ಎಂಬ ವಿಶ್ವಸಂಸ್ಥೆಯ ನಿರ್ಣಯ ಆಗಷ್ಟೇ ಬಂದಿತ್ತು. ಮಂಡಲಿಯ ಪ್ರಧಾನ ಕಾರ್ಯದರ್ಶಿ ಫಿಲಿಪ್ ಪಾಟರ್ ಅದನ್ನು ಒಪ್ಪಲಿಲ್ಲ. ಅಧಿವೇಶನವಾದರೋ 1967ರಲ್ಲಿ ಆಕ್ರಮಿಸಿದ ನೆಲದಿಂದ ಇಸ್ರೇಲ್ ಹಿಂದೆ ಸರಿಯಬೇಕು, ಇಸ್ರೇಲ್ ಸೇರಿ ಎಲ್ಲ ರಾಷ್ಟ್ರಗಳೂ ಸುರಕ್ಷಿತ ಗಡಿಯೊಳಗೆ ಬಾಳಬೇಕು, ಪ್ಯಾಲೆಸ್ಟೀನಿಯರಿಗೆ ಸ್ವನಿರ್ಣಯದ ಹಕ್ಕು ಸಿಗಬೇಕು ಎಂದಿತು. ಮಂಡಲಿಯ ನಿಲುವಿನ ಅಡಿಪಾಯ ಅಂದಿನಿಂದ ಇದೇ.

ಆ ನೆಲದವರದೇ ದನಿ

ಹೊರಗಿನವರು ನಿರ್ಣಯ ಬರೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕ್ರೈಸ್ತರು ತಾವೇ ಮಾತಾಡತೊಡಗಿದರು. ಗಲಿಲಾಯದ ಬಿರಿಯಂ ಎಂಬ ಕ್ರೈಸ್ತ ಹಳ್ಳಿಯವರನ್ನು 1948ರಲ್ಲಿ ಎರಡು ವಾರದ ಮಟ್ಟಿಗೆಂದು ಹೊರಡಿಸಿ, ಮತ್ತೆಂದೂ ಒಳಗೆ ಬಿಡಲಿಲ್ಲ. 1953ರಲ್ಲಿ ಊರನ್ನೇ ನೆಲಸಮ ಮಾಡಲಾಯಿತು. ಬಿರಿಯಂ ಮತ್ತು ಇಕ್ರಿತ್ ಹಳ್ಳಿಗರಿಗಾಗಿ ಆರ್ಚ್‌ಬಿಷಪ್ ಜೋಸೆಫ್ ರಾಯ 1972ರಲ್ಲಿ ಒಂದು ಭಾನುವಾರ ಚರ್ಚುಗಳಿಗೆ ಬೀಗ ಹಾಕಿಸಿ, ಯೆರೂಸಲೇಮಿನಲ್ಲಿ ಮೆರವಣಿಗೆ ನಡೆಸಿದರು. ಯಹೂದಿ ಲೇಖಕರೂ ಆ ಬೇಡಿಕೆಗೆ ದನಿಗೂಡಿಸಿದರು. ಬಿರಿಯಮಿನಲ್ಲಿ ಹುಟ್ಟಿ ಹೀಗೆ ಊರು ಕಳೆದುಕೊಂಡ ಎಲಿಯಾಸ್ ಚಕೂರ್ ಪಾದ್ರಿಯಾಗಿ ಮರಿಯಂ ಬವಾರ್ದಿಯ ಊರಾದ ಇಬಿಲ್ಲಿನ್‌ಗೆ ಬಂದು, 1980ರ ದಶಕದಲ್ಲಿ ಅಲ್ಲಿ ಕಟ್ಟಿದ ಶಾಲೆಯಲ್ಲಿ ಮುಸ್ಲಿಂ, ಕ್ರೈಸ್ತ, ದ್ರೂಜ್ ಮಕ್ಕಳು ಒಟ್ಟಿಗೆ ಓದಿದರು. ಡೊಮಿನಿಕನ್ ಪಾದ್ರಿ ಬ್ರೂನೊ ಹುಸಾರ್ ಲತ್ರೂನ್ ಮಠದ ಜಮೀನಿನಲ್ಲಿ ನೆವೆ ಶಾಲೋಂ–ವಾಹತ್ ಅಲ್‌ಸಲಾಂ ಎಂಬ ಊರನ್ನು ಹುಟ್ಟುಹಾಕಿದರು. ಇಸ್ರೇಲಿನ ಯಹೂದಿ, ಅರಬ್ ಕುಟುಂಬಗಳು ಅಲ್ಲಿ ಇಂದಿಗೂ ಅಕ್ಕಪಕ್ಕ ಬಾಳುತ್ತಿವೆ.

ಆಕ್ರಮಣದ ವಿರುದ್ಧ ಪ್ಯಾಲೆಸ್ಟೀನಿಯರ ಮೊದಲ ಇಂತಿಫಾದ (ಜನದಂಗೆ) ಎದ್ದ 1987ರಲ್ಲಿ ಮಿಶೆಲ್ ಸಬ್ಬಾ ಯೆರೂಸಲೇಮಿನ ಮೊದಲ ಪ್ಯಾಲೆಸ್ಟೀನಿ ಲ್ಯಾಟಿನ್ ಪಿತಾಮಹರಾಗಿ, ಅಂದರೆ ಅಲ್ಲಿನ ರೋಮನ್ ಕಥೊಲಿಕ ಸಭೆಯ ಮುಖ್ಯಸ್ಥರಾಗಿ, ನೇಮಕಗೊಂಡರು. ಕ್ರೈಸ್ತರೇ ಹೆಚ್ಚಿದ್ದ ಬೇತ್ ಸಾಹೂರ್ ಪಟ್ಟಣ 1989ರಲ್ಲಿ ತೆರಿಗೆ ಕೊಡದೆ ಸತ್ಯಾಗ್ರಹ ಹೂಡಿ, ಅದಕ್ಕಾಗಿ ಮನೆ–ಅಂಗಡಿಗಳ ಸಾಮಾನು ಜಪ್ತಿಯಾಗುವುದನ್ನು ತಡೆದುಕೊಂಡಿತು. ಅದೇ ವರ್ಷ ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್ ಪ್ಯಾಲೆಸ್ಟೀನಿ ವಿಮೋಚನಾ ದೇವಶಾಸ್ತ್ರದ ಮೊದಲ ಪುಸ್ತಕ ಬರೆದರು. ಸಬೀಲ್ ಎಂಬ ದೇವಶಾಸ್ತ್ರ ಕೇಂದ್ರ ಅದರಿಂದ ಬೆಳೆಯಿತು.

ಆಲಿವ್ ತೋಪಿನ ಕಾವಲು

ಯೆರೂಸಲೇಮಿನ ಸಭಾ ಮುಖ್ಯಸ್ಥರ ಕೋರಿಕೆಯ ಮೇಲೆ ವಿಶ್ವ ಮಂಡಲಿ 2002ರಲ್ಲಿ ಜೊತೆಗಾರರ ಕಾರ್ಯಕ್ರಮವನ್ನು ಆರಂಭಿಸಿತು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಸುಮಾರು ಮೂರು ತಿಂಗಳು ಅಲ್ಲಿನ ಹಳ್ಳಿಗಳಲ್ಲಿ ಇದ್ದು, ತಪಾಸಣಾ ಠಾಣೆಗಳಲ್ಲಿ ನಿಂತು, ಶಾಲೆಗೆ ಹೋಗುವ ಮಕ್ಕಳ ಜೊತೆ ನಡೆದು, ಕಂಡದ್ದನ್ನು ಬರೆದಿಡುತ್ತಾರೆ. ಅಕ್ಟೋಬರ್–ನವೆಂಬರಿನ ಆಲಿವ್ ಕೊಯ್ಲಿನಲ್ಲಿ ಅವರ ಕೆಲಸ ಹೆಚ್ಚು. ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಗಳ ಮದುವೆ, ಮಗನ ಓದು, ಸಾಲದ ಕಂತು ಎಲ್ಲವೂ ತೆಂಗಿನ ತೋಟವನ್ನೂ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನೂ ನಂಬಿರುವ ಹಾಗೆಯೇ ಪಶ್ಚಿಮ ದಂಡೆಯ ರೈತನಿಗೆ ಆಲಿವ್. ಇಸ್ರೇಲಿ ವಸಾಹತುಗಾರರು ಮರ ಕಡಿದರೆ, ಸೈನ್ಯ ತೋಪಿನ ದಾರಿ ಮುಚ್ಚಿದರೆ ಅಜ್ಜ–ಮುತ್ತಜ್ಜನ ಕಾಲದ ಜೀವನಾಧಾರವೇ ಹೋಗುತ್ತದೆ. ಯೆರೂಸಲೇಮಿನ ವೈಎಂಸಿಎ, ಪ್ಯಾಲೆಸ್ಟೀನಿನ ವೈಡಬ್ಲ್ಯುಸಿಎ ಸೇರಿ ನಡೆಸುವ ಆಲಿವ್ ಸಸಿ ಆಂದೋಲನಕ್ಕೆ ಹಲವು ದೇಶಗಳ ಸಭೆಗಳು ಹಣ ಕೊಡುತ್ತವೆ. ಇಸ್ರೇಲಿನ ರಬ್ಬಿಗಳ ಮಾನವ ಹಕ್ಕು ಸಂಘಟನೆಯವರೂ ಕೊಯ್ಲಿನ ದಿನ ತೋಪುಗಳಿಗೆ ಹೋಗಿ ರೈತರಿಗೆ ಕಾವಲು ನಿಲ್ಲುತ್ತಾರೆ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಕಾವಲೇ.

ಕೈರೋಸ್ ಮತ್ತು ಅದರ ವಿವಾದ

ಬೆತ್ಲೆಹೇಮಿನಲ್ಲಿ 2009ರ ಡಿಸೆಂಬರ್ 11ರಂದು ಸಬ್ಬಾ, ಅತೀಕ್, ಲೂಥರನ್ ಪಾದ್ರಿ ಮಿತ್ರಿ ರಾಹೆಬ್ ಮೊದಲಾದವರು ಸೇರಿ ಕೈರೋಸ್ ಪ್ಯಾಲೆಸ್ಟೀನ್ ದಾಖಲೆಯನ್ನು ಹೊರತಂದರು. ದಕ್ಷಿಣ ಆಫ್ರಿಕದ 1985ರ ಕೈರೋಸ್ ದಾಖಲೆ ಅದಕ್ಕೆ ಮಾದರಿ. ಪ್ಯಾಲೆಸ್ಟೀನಿನ ನೆಲದ ಮೇಲಿನ ಇಸ್ರೇಲಿನ ಆಕ್ರಮಣವನ್ನು ಅದು ಪಾಪವೆಂದು ಕರೆದು, ಪ್ರೀತಿಯೇ ಪ್ರತಿರೋಧದ ದಾರಿ ಎಂದಿತು; ಬಹಿಷ್ಕಾರ, ಬಂಡವಾಳ ಹಿಂತೆಗೆತಗಳನ್ನು ಅಹಿಂಸಾ ಸಾಧನಗಳೆಂದು ಬೆಂಬಲಿಸಿತು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ 2014ರಲ್ಲಿ 310–303 ಮತಗಳಿಂದ ಮೂರು ಕಂಪನಿಗಳಲ್ಲಿದ್ದ ತನ್ನ ಹಣವನ್ನು ಹಿಂತೆಗೆಯಲು ತೀರ್ಮಾನಿಸಿತು. ಹಲವು ಯಹೂದಿ ಸಂಸ್ಥೆಗಳು ಇದನ್ನು ಇಸ್ರೇಲಿನ ಅಸ್ತಿತ್ವಕ್ಕೇ ಎದುರಾದ ನಡೆ ಎಂದು ಖಂಡಿಸಿದವು. ಆ ಆತಂಕದ ಹಿಂದೆ ಸಾವಿರ ವರ್ಷಗಳ ಕ್ರೈಸ್ತ ಹಿಂಸೆಯ ನೆನಪಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರ ಬೆಲೆಯನ್ನು ಪ್ಯಾಲೆಸ್ಟೀನಿನ ರೈತ ತೆರಬೇಕೆನ್ನುವುದೂ ನ್ಯಾಯವಲ್ಲ. ಕ್ರೈಸ್ತರೊಳಗೇ ಇಸ್ರೇಲ್ ರಾಷ್ಟ್ರವನ್ನು ಬೈಬಲಿನ ಪ್ರವಾದನೆಯ ನೆರವೇರಿಕೆ ಎಂದು ನಂಬುವ ದೊಡ್ಡ ಗುಂಪಿದೆ. ಅವರಿಗೆ ಅಲ್ಲಿನ ಸ್ಥಳೀಯ ಕ್ರೈಸ್ತರು ಕಣ್ಣಿಗೇ ಬೀಳುವುದಿಲ್ಲ. ವಿಶ್ವ ಮಂಡಲಿಯಲ್ಲೂ ಅಪಾರ್ಥೈಡ್ ಎಂಬ ಪದದ ಮೇಲೆ 2022ರ ಕಾರ್ಲ್ಸ್‌ರೂಹ ಮಹಾಧಿವೇಶನದಲ್ಲಿ ಒಮ್ಮತ ಮೂಡಲಿಲ್ಲ. ಕೇಂದ್ರ ಸಮಿತಿ 2025ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಅದನ್ನು ನೇರವಾಗಿ ಬಳಸಿತು.

2023ರ ನಂತರ

ಗಾಜಾದ ಹಮಾಸ್ 2023ರ ಅಕ್ಟೋಬರ್ 7ರಂದು ಇಸ್ರೇಲಿನೊಳಗೆ ಸುಮಾರು 1,200 ಜನರನ್ನು ಕೊಂದು, ಸುಮಾರು 250 ಮಂದಿಯನ್ನು ಒತ್ತೆಯಾಳಾಗಿ ಒಯ್ದಿತು. ಒತ್ತೆಯಿಟ್ಟ ಮಕ್ಕಳ ಬದಲಿಗೆ ತಾನೇ ಬರಲು ಸಿದ್ಧ ಎಂದು ಲ್ಯಾಟಿನ್ ಪಿತಾಮಹ ಪಿಯರ್‌ಬತ್ತಿಸ್ತ ಪಿಜಬಲ್ಲ ಹೇಳಿದರು. ಆ ಬಳಿಕ ಗಾಜಾದ ಮೇಲೆ ಇಸ್ರೇಲ್ ನಡೆಸಿದ ದಾಳಿಯಲ್ಲಿ ಸತ್ತವರ ಸಂಖ್ಯೆ 2025ರ ಮಧ್ಯಭಾಗಕ್ಕೆ 60,000 ದಾಟಿತೆಂದು ಗಾಜಾದ ಆರೋಗ್ಯ ಇಲಾಖೆ ತಿಳಿಸಿತು. 1882ರಲ್ಲಿ ಆಂಗ್ಲಿಕನ್ ಮಿಷನ್ ತೆರೆದ ಅಲ್‌ಅಹ್ಲಿ ಆಸ್ಪತ್ರೆಯ ಆವರಣದಲ್ಲಿ 2023ರ ಅಕ್ಟೋಬರ್ 17ರಂದು ಸ್ಫೋಟವಾಯಿತು. ಅದಕ್ಕೆ ಕಾರಣ ಯಾರೆಂಬುದು ಇನ್ನೂ ವಿವಾದ. ಎರಡು ದಿನಗಳ ಬಳಿಕ ಸಂತ ಪೊರ್ಫಿರಿಯಸ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದವರು ವೈಮಾನಿಕ ದಾಳಿಗೆ ಬಲಿಯಾದರು. ಗಾಜಾದ ಕಥೊಲಿಕ ಚರ್ಚಿಗೆ ಪೋಪ್ ಫ್ರಾನ್ಸಿಸ್ ತಮ್ಮ ಕೊನೆಯ ದಿನಗಳವರೆಗೂ ಸಂಜೆ ಹೊತ್ತು ಫೋನ್ ಮಾಡುತ್ತಿದ್ದರು. ಅದೇ ಚರ್ಚಿಗೆ 2025ರ ಜುಲೈ 17ರಂದು ಶೆಲ್ ಬಡಿದು ಮೂವರು ಸತ್ತಾಗ, ಪಿಜಬಲ್ಲ ಮತ್ತು ಗ್ರೀಕ್ ಪಿತಾಮಹ ಮೂರನೇ ಥಿಯೋಫಿಲೋಸ್ ಮರುದಿನವೇ ಗಾಜಾದೊಳಗೆ ಹೋದರು.

ಕರ್ನಾಟಕದ ಸಭೆಗಳು ಈ ಕೆಲಸದಲ್ಲಿ ಮುಖ್ಯವಾಗಿ ಎರಡು ಬಗೆಯಲ್ಲಿ ಪಾಲ್ಗೊಳ್ಳುತ್ತವೆ. ತುಮಕೂರು ಜಿಲ್ಲೆ ಸೇರಿರುವ ಬೆಂಗಳೂರು ಮಹಾಧರ್ಮಪ್ರಾಂತ್ಯವೂ ಒಳಗೊಂಡಂತೆ ಕಥೊಲಿಕ ಚರ್ಚುಗಳ ಶುಭಶುಕ್ರವಾರದ ಕಾಣಿಕೆ ಪವಿತ್ರ ನಾಡಿನ ಸಭೆಗಳಿಗೆ, ಅಲ್ಲಿನ ಶಾಲೆಗಳಿಗೆ ಸಲ್ಲುತ್ತದೆ. ಮಾರ್ಚಿನ ಮೊದಲ ಶುಕ್ರವಾರ ಸಭೆಗಳ ಹೆಂಗಸರು ಕೂಡುವ ವಿಶ್ವ ಪ್ರಾರ್ಥನಾ ದಿನದ 2024ರ ಆರಾಧನಾ ಕ್ರಮವನ್ನು ಬರೆದವರು ಪ್ಯಾಲೆಸ್ಟೀನಿನ ಕ್ರೈಸ್ತ ಮಹಿಳೆಯರು. ಜರ್ಮನಿಯ ಸಮಿತಿ ತನ್ನ ದೇಶದ ವಿವಾದಗಳಿಂದಾಗಿ ಅದನ್ನು ತಿದ್ದಿಕೊಂಡಿತು. ಪವಿತ್ರ ನಾಡಿಗೆ ಯಾತ್ರೆ ಹೋಗುವ ಕನ್ನಡಿಗರೂ ಇದ್ದಾರೆ. ಬೆತ್ಲೆಹೇಮಿನ ಕಾರ್ಮೆಲ್ ಮಠದಲ್ಲಿರುವ ಮರಿಯಂ ಬವಾರ್ದಿಯ ಸಮಾಧಿ, ಅದೇ ಊರಿನಲ್ಲಿ ಇಂದೂ ಬಾಗಿಲು ತೆರೆದಿರುವ ಪ್ಯಾಲೆಸ್ಟೀನಿ ಸಭೆಗಳು ಅವರ ಯಾತ್ರಾಪಟ್ಟಿಯಲ್ಲಿ ಇರಬೇಕಾದವು.